ನಿಮ್ಮ ನೆಟ್ಟಿಗೆ ಶತ್ರು ಯಾರು?

ಮನೆಗೆ ಇಂಟರ್ನೆಟ್ ಹಾಕಿಸುವ ಮುನ್ನ ಜನ ಮೂರು ಪ್ರಶ್ನೆ ಕೇಳುತ್ತಾರೆ: ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟು, ಜೊತೆಗೆ ಯಾವ ಓಟಿಟಿ ಫ್ರೀ. ಗುಜರಾತಿನಲ್ಲಿ ಎರಡನೆಯದನ್ನು ಮೊದಲು ಕೇಳುತ್ತಾರೆ. ಉತ್ತರ ಬಂದ ಮೇಲೆ ಅದನ್ನೇ ಇನ್ನೊಮ್ಮೆ, ಸ್ವಲ್ಪ ನೊಂದ ದನಿಯಲ್ಲಿ, ಕೇಳುತ್ತಾರೆ. ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ಈ ಕನೆಕ್ಷನ್ನಿಗೆ ಶತ್ರು ಯಾರು? ಶತ್ರುವಿಲ್ಲದ ಕನೆಕ್ಷನ್ ಭೂಮಿಯ ಮೇಲಿಲ್ಲ, ಆಕಾಶದಲ್ಲೂ ಇಲ್ಲ. ನೂರು ಎಂಬಿಪಿಎಸ್ಸೋ ಇನ್ನೂರೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಯಾವ ಶತ್ರುವಿನ ಜೊತೆ ನಾವು ಬಾಳುವೆ ಮಾಡಬಲ್ಲೆವು ಎಂದು ಯೋಚಿಸುವುದು ಜಾಣತನ.

ಇದನ್ನು ನನಗೆ ಕಲಿಸಿದ್ದು ನಮ್ಮ ಮನೆತನದ ಈಗಿನ ಭೂಗೋಳ. ಧಾರವಾಡ ಬಿಟ್ಟು ಹೊಟ್ಟೆಪಾಡಿಗೆ ಗುಜರಾತು ಸೇರಿದ ನಾವು ಮೂವರೂ ಒಂದೊಂದು ಹಜೀರಾದ ಮಗ್ಗುಲಿಗೇ ಬಿದ್ದಿದ್ದೇವೆ. ಅಕ್ಕ-ಭಾವ ಅಹಮದಾಬಾದಿನ ಮಾಣೆಕ್ ಚೌಕದ ಹತ್ತಿರ. ಅಲ್ಲಿ ಅಹಮದ್ ಶಾಹನ ರಾಣಿಯರ ಗೋರಿಗಳಿರುವ ರಾಣಿ ನೊ ಹಜೀರೊ ಇದೆ. ಗೋರಿಗಳ ಸುತ್ತ ಬಟ್ಟೆ ಅಂಗಡಿಗಳ ಗದ್ದಲ, ರಾಣಿಯರಿಗೆ ಈಗಲೂ ಶಾಪಿಂಗಿಗೆ ತೊಂದರೆಯಿಲ್ಲ. ಚಿಕ್ಕಪ್ಪನ ಮಗ, ನನಗೆ ತಮ್ಮ, ವಡೋದರಾದಲ್ಲಿ ರೈಲ್ವೆ ನೌಕರ. ಅವನ ಮನೆ ಪ್ರತಾಪನಗರದ ಕಡೆ, ಅಕ್ಬರನ ಸರದಾರ ಕುತುಬುದ್ದೀನ್ ಮುಹಮ್ಮದ್ ಖಾನನ ಗೋರಿ ಇರುವ ಹಜೀರಾದಿಂದ ಕೂಗಳತೆ. ನನ್ನದು ಸೂರತ್ತಿನ ಹಜೀರಾ. ಇಲ್ಲಿ ಮಲಗಿದವರು ಯಾರೂ ಇಲ್ಲ. ತಾಪಿ ನದಿ ಸಮುದ್ರ ಸೇರುವ ಕಡೆ ಉಕ್ಕು, ಗೊಬ್ಬರ, ಅನಿಲ, ಬಂದರು ಎಂದು ಮೂರು ಪಾಳಿಯಲ್ಲೂ ಎದ್ದೇ ಇರುವ ಊರು. ನಾನು ಆ ಪಾಳಿಗಳಲ್ಲೊಂದಕ್ಕೆ ಹೋಗಿಬರುವವನು, ಮನೆ ಪಾಲ್ ಕಡೆಯ ಒಂದು ಸೊಸೈಟಿಯಲ್ಲಿ.

ಧಾರವಾಡದಲ್ಲಿರುವ ಅವ್ವ ರಾತ್ರಿ ಎಂಟಕ್ಕೆ ಮೂವರಿಗೂ ಒಟ್ಟಿಗೆ ವಿಡಿಯೊ ಕಾಲ್ ಮಾಡುತ್ತಾಳೆ. ಟ್ರಾಯ್‌ನವರು ಸಾವಿರ ಕಡೆ ಮೀಟರ್ ಇಟ್ಟು ಅಳೆಯುವುದನ್ನು ಅವ್ವ ಒಂದೇ ಕರೆಯಲ್ಲಿ ಅಳೆಯುತ್ತಾಳೆ. “ಅಕ್ಕನ ಮಾರಿ ಮಸುಕು ಮಸುಕು ಅದ. ತಮ್ಮ ಇಲ್ಲೇ ಇಲ್ಲ. ನೀ ಯಾಕಪಾ, ಬಾಯಿ ತಗದವ ಹಂಗ ನಿಂತಬಿಟ್ಟಿ?” ಇದಕ್ಕಿಂತ ಕರಾರುವಾಕ್ಕಾದ ವರದಿ ನಾನು ಕಂಡಿಲ್ಲ.

ನಮ್ಮ ಮನೆಯ ನೆಟ್ಟಿನ ಕಥೆ ಶುರುವಾದದ್ದು ತಾಮ್ರದ ತಂತಿಯ ಕಾಲದಲ್ಲಿ. 2004ರ ನೀತಿಯಲ್ಲಿ ಸರ್ಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್ ಎಂದು ಘೋಷಿಸಿತು. 2005ರ ಜನವರಿಯಲ್ಲಿ ಬಿಎಸ್ಎನ್ಎಲ್‌ನ ಡೇಟಾಒನ್ ಬಂತು. ಅದೇ ಟೆಲಿಫೋನ್ ತಂತಿಯಲ್ಲಿ ಮಾತು ಕೆಳಗಿನ ಸ್ವರದಲ್ಲಿ, ಇಂಟರ್ನೆಟ್ ಮೇಲಿನ ಸ್ವರದಲ್ಲಿ ಹರಿಯುತ್ತಿತ್ತು. ಎರಡನ್ನೂ ಬೇರ್ಪಡಿಸಲು ಒಂದು ಪುಟ್ಟ ಡಬ್ಬಿ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಲೆಕ್ಕವಿಲ್ಲದಷ್ಟು ಇಳಿಸಿಕೊಳ್ಳಬಹುದಾದ ಪ್ಲಾನುಗಳಿದ್ದವು. ಒಂದು ಸೀಡಿಯಷ್ಟು, ಅಂದರೆ 700 ಎಂಬಿಯ ಸಿನಿಮಾ, 256ರ ವೇಗದಲ್ಲಿ ಇಳಿಯಲು ಆರು ಗಂಟೆಯ ಮೇಲೆ ಸ್ವಲ್ಪ ಹೊತ್ತು ಬೇಕು. ಪ್ಲಾನ್ ಬರೆದವನು ಗಣಿತದಲ್ಲಿ ಪಂಡಿತನೋ ಕ್ರೂರಿಯೋ ತಿಳಿಯದು: ಇಡೀ ಸಿನಿಮಾ ಪುಕ್ಕಟೆ, ಕ್ಲೈಮ್ಯಾಕ್ಸಿಗೆ ಮಾತ್ರ ದುಡ್ಡು. ನಸುಕಿನ ಎರಡಕ್ಕೆ ಅಲಾರಂ ಇಟ್ಟು ಏಳುತ್ತಿದ್ದ ನನ್ನನ್ನು ನೋಡಿ ಅಜ್ಜ, ಹುಡುಗ ಸಂಧ್ಯಾವಂದನೆಗೆ ಇಷ್ಟು ಬೇಗ ಏಳುತ್ತಾನೆಂದು ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದರು.

ತಾಮ್ರಕ್ಕೆ ಶತ್ರು ಎರಡು: ದೂರ ಮತ್ತು ನೀರು. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಸೊರಗುತ್ತದೆ. ಜಾಯಿಂಟಿನಲ್ಲಿ ಮಳೆನೀರು ಇಳಿದರೆ ಮೊದಲು ಕರಕರ ಸದ್ದು, ಆಮೇಲೆ ಮೌನ. ಆದರೆ ಅದರ ಗುಣವನ್ನೂ ಹೇಳಬೇಕು. ಟೆಲಿಫೋನಿಗೆ ಬೇಕಾದ 48 ವೋಲ್ಟ್ ಕರೆಂಟು ಅದೇ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಬರುತ್ತಿದ್ದುದರಿಂದ ಊರಿಗೆ ಊರೇ ಕತ್ತಲಾದರೂ ಫೋನು ಬದುಕಿರುತ್ತಿತ್ತು. ತಂತಿ ತುಂಡಾದರೆ ಲೈನ್‌ಮನ್ ಹಲ್ಲಿನಿಂದ ಸಿಪ್ಪೆ ಸುಲಿದು, ಬೆರಳಿನಿಂದ ಹೊಸೆದು, ಚಹಾ ಕುಡಿದು ಹೋಗುತ್ತಿದ್ದ. ಹಲ್ಲಿನಿಂದ ರಿಪೇರಿಯಾಗುವ ಕೊನೆಯ ತಂತ್ರಜ್ಞಾನ ಅದೇ ಇರಬೇಕು.

ಅಕ್ಕನ ಮನೆಯದು ಕೇಬಲ್. ಅಹಮದಾಬಾದಿನ ಪೋಳ್‌ಗಳೆಂದರೆ ಎದುರುಬದುರು ಮನೆಯವರು ಜಗಲಿಯಲ್ಲಿ ಕೂತೇ ಉಪ್ಪಿನಕಾಯಿ ಬದಲಾಯಿಸಿಕೊಳ್ಳುವಷ್ಟು ಕಿರಿದಾದ ಓಣಿಗಳು. 2017ರಲ್ಲಿ ಯುನೆಸ್ಕೊ ಆ ಹಳೇ ಊರನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಕೆತ್ತನೆಯ ಮುಂದೆ ತೂಗಾಡುವ ಕರಿಯ ಕೇಬಲ್ಲುಗಳೂ ಪಟ್ಟಿಯಲ್ಲಿವೆಯೆಂದು ಭಾವ ನಂಬಿದ್ದಾರೆ. ಟೀವಿಗೆಂದು ಎಳೆದ ದಪ್ಪ ತಂತಿಯಲ್ಲೇ ಇಂಟರ್ನೆಟ್ಟನ್ನೂ ಕಳಿಸುವುದು ಈ ಪದ್ಧತಿ. ತಂತಿ ಗಟ್ಟಿ, ಸಿಗ್ನಲ್ ಗಟ್ಟಿ. ಆದರೆ ಒಂದು ಓಣಿಗೆ ಬರುವ ಪಾಲನ್ನು ಓಣಿಯವರೆಲ್ಲ ಹಂಚಿಕೊಳ್ಳಬೇಕು. ಬೆಳಿಗ್ಗೆ ಹತ್ತಕ್ಕೆ ಇಡೀ ಓಣಿ ಅಂಗಡಿಗೆ ಹೋದಾಗ ಅಕ್ಕನ ನೆಟ್ಟು ಓಡುತ್ತದೆ. ರಾತ್ರಿ ಒಂಬತ್ತಕ್ಕೆ ಐಪಿಎಲ್ ಪಂದ್ಯ, ಎದುರುಮನೆಯ ಧಾರಾವಾಹಿ, ಮೂಲೆಮನೆಯವರ ಷೇರು ಪಂಡಿತರ ಭಾಷಣ ಎಲ್ಲ ಕೂಡಿ ಅದು ಕುಂಟತೊಡಗುತ್ತದೆ. ಅದರ ಮೇಲೆ, ಕೇಬಲ್ಲಿನಲ್ಲಿ ಮನೆಗೆ ಬರುವ ದಾರಿ ಅಗಲ, ಮನೆಯಿಂದ ಹೋಗುವ ದಾರಿ ಇಕ್ಕಟ್ಟು. ಅಕ್ಕ ರಾತ್ರಿ ಆನ್‌ಲೈನಿನಲ್ಲಿ ಸಂಗೀತ ಹೇಳಿಕೊಡುವವಳು. ಶಿಷ್ಯರ ಅಪಸ್ವರ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಅವಳ ಸ್ವರ ಮಾತ್ರ ಅವರಿಗೆ ತುಂಡುತುಂಡಾಗಿ ತಲುಪುತ್ತದೆ. ಒಬ್ಬ ಹುಡುಗಿ ಆ ತುಂಡುಗಳನ್ನು ನಿಷ್ಠೆಯಿಂದ ಅನುಕರಿಸಿ ಹೊಸದೊಂದು ಗಮಕ ಕಲಿತಿದ್ದಾಳೆ.

ವಡೋದರಾದ ತಮ್ಮನದು ಫೈಬರ್, ಹಾಗಾಗಿ ಅವನಿಗೆ ನಮ್ಮೆಲ್ಲರ ಮೇಲೆ ಕರುಣೆ. ಒಂದು ಮಿಲಿಮೀಟರಿನ ನೂರನೇ ಭಾಗಕ್ಕೂ ತೆಳುವಾದ ಗಾಜಿನ ತಿರುಳಿನಲ್ಲಿ ಬೆಳಕು ಓಡುತ್ತದೆ ಎಂದು ಅವನು ತಾನೇ ಊದಿ ಮಾಡಿದವನಂತೆ ವಿವರಿಸುತ್ತಾನೆ. ಮಾತು ಸುಳ್ಳಲ್ಲ. ಗಾಜಿಗೆ ಕಿಲುಬು ಹಿಡಿಯದು, ಸಿಡಿಲಿನ ಕರೆಂಟು ಹರಿಯದು, ಕಿಲೋಮೀಟರುಗಟ್ಟಲೆ ದೂರವೂ ಲೆಕ್ಕಕ್ಕಿಲ್ಲ; ಹೋಗುವ ದಾರಿಯೂ ಬರುವ ದಾರಿಯಷ್ಟೇ ವಿಶಾಲವಾಗಿ ಸಿಗುತ್ತದೆ. ಅಲ್ಲಿಯೂ ಹಂಚಿಕೆ ಇದೆ: ಎಕ್ಸ್‌ಚೇಂಜಿನಿಂದ ಬಂದ ಒಂದು ಎಳೆಯ ಸುಮಾರು ಎರಡೂವರೆ ಗಿಗಾಬಿಟ್ ಬೆಳಕನ್ನು ಮೂವತ್ತೆರಡೋ ಅರವತ್ತನಾಲ್ಕೋ ಮನೆಗೆ ಒಡೆದು ಕೊಡುತ್ತಾರೆ. ಆದರೆ ಪಾತ್ರೆ ದೊಡ್ಡದಾದ್ದರಿಂದ ಪಂಕ್ತಿಯ ಕೊನೆಯಲ್ಲಿ ಕೂತವನಿಗೂ ಹುಗ್ಗಿ ಸಿಗುತ್ತದೆ.

ಇದಕ್ಕೆ ಶತ್ರು ಯಾರು? ಇಲಿ, ಜೆಸಿಬಿ, ಮತ್ತು ಜನವರಿ 14. ನಮ್ಮ ಹಜೀರಾದಿಂದ ಉತ್ತರ ಪ್ರದೇಶದ ಜಗದೀಶಪುರದ ಕಡೆಗೆ ಅನಿಲದ ಕೊಳವೆ ಹೋಗಿದೆಯಲ್ಲ, ಗೇಲ್ ಕಂಪನಿಯವರು ತಮ್ಮ ಕೊಳವೆಗಳ ಜೊತೆಜೊತೆಗೇ ಫೈಬರನ್ನೂ ಹಾಸಿ ಟೆಲಿಕಾಂನವರಿಗೆ ಬಾಡಿಗೆಗೆ ಕೊಡುತ್ತ ಬಂದಿದ್ದಾರೆ. ಪಕ್ಕದಲ್ಲಿ ಸ್ಫೋಟಿಸಬಲ್ಲ ಅನಿಲವಿದ್ದರೆ ಯಾವ ಜೆಸಿಬಿಯವನೂ ಕೈ ಬೀಸಿ ಅಗೆಯುವುದಿಲ್ಲ. ತಮ್ಮನ ಓಣಿಯ ಫೈಬರ್‌ಗೆ ಅಂಥ ಅಂಗರಕ್ಷಕರಿಲ್ಲ. ಅದು ಕಂಬದಿಂದ ಮಾಳಿಗೆಗೆ, ಮಾಳಿಗೆಯಿಂದ ಮಾಳಿಗೆಗೆ ಜೋತುಬಿದ್ದು ಬರುತ್ತದೆ, ಜನವರಿ 14ರ ಉತ್ತರಾಯಣದ ದಿನ ಗುಜರಾತೆಲ್ಲ ಗಾಳಿಪಟ ಹಿಡಿದು ಮಾಳಿಗೆಯ ಮೇಲಿರುತ್ತದೆ. ಗಾಜಿನ ಪುಡಿ ಸವರಿದ ಮಾಂಜಾ ದಾರ ಒಂದು ಕಡೆ. ತಂತಿಗೆ ಸಿಕ್ಕ ಪಟವನ್ನು ಬಿದಿರಿನ ಗಳದಿಂದ ಜಗ್ಗುವ ಹುಡುಗರು ಇನ್ನೊಂದು ಕಡೆ. ಫೈಬರ್ ತುಂಡೇ ಆಗಬೇಕಿಲ್ಲ, ಚೂಪಾಗಿ ಬಾಗಿದರೂ ಬೆಳಕು ಹೊರಗೆ ಸೋರಿಹೋಗುತ್ತದೆ. ಆಮೇಲೆ ಅದನ್ನು ಹಲ್ಲಿನಿಂದ ಸರಿಮಾಡಲಾಗದು. ವಿದ್ಯುತ್ ಕಿಡಿಯಿಂದ ಗಾಜಿಗೆ ಗಾಜು ಕರಗಿಸಿ ಬೆಸೆಯುವ ಯಂತ್ರ ಬರಬೇಕು. ಯಂತ್ರ ಬರಬೇಕಾದರೆ ಯಂತ್ರದವನು ಮಾಳಿಗೆಯಿಂದ ಇಳಿಯಬೇಕು, ಅವನೂ ಗುಜರಾತಿಯೇ. ಮರುದಿನ ‘ವಾಸಿ ಉತ್ತರಾಯಣ’, ಅಂದೂ ಇಳಿಯುವುದಿಲ್ಲ.

ನನ್ನದು ಗಾಳಿಯಲ್ಲಿ ಬರುವ ನೆಟ್ಟು. 2023ರ ಸೆಪ್ಟೆಂಬರ್ 19ರ ಗಣೇಶ ಚೌತಿಯಂದು ಜಿಯೊ ಏರ್‌ಫೈಬರ್ ಎಂಟು ನಗರಗಳಲ್ಲಿ ಶುರುವಾಯಿತು. ಅಹಮದಾಬಾದ್, ಬೆಂಗಳೂರು ಮೊದಲ ಪಂಕ್ತಿಯಲ್ಲೇ ಕೂತವು, ಉಳಿದ ಊರುಗಳಿಗೆ ಆಮೇಲೆ ಬಂತು. ಈ ಜಾತಿಯ ಕನೆಕ್ಷನ್ನಿನಲ್ಲಿ ಹತ್ತಿರದ 5ಜಿ ಟವರಿಗೆ ಮುಖಮಾಡಿ ಮಾಳಿಗೆಯ ಮೇಲೊಂದು ಡಬ್ಬಿ ಕೂರಿಸುತ್ತಾರೆ, ಅಲ್ಲಿಂದ ಒಂದೇ ತಂತಿ ಮನೆಯೊಳಗೆ. ಓಣಿ ಅಗೆಯುವುದಿಲ್ಲ, ಕಂಬ ಹತ್ತುವುದಿಲ್ಲ. ಸೊಸೈಟಿಯ ಚೇರ್ಮನ್ನರ ಒಪ್ಪಿಗೆ ಮಾತ್ರ ಬೇಕು, ಅದು ಓಣಿ ಅಗೆಯುವುದಕ್ಕಿಂತ ಕಷ್ಟ. ಸಿನಿಮಾ ನೋಡಲು, ಆಫೀಸಿನ ಕೆಲಸಕ್ಕೆ ಇದು ಧಾರಾಳ ಸಾಕು. ಮಗನಿಗೆ ಮಾತ್ರ ಸಾಲದು. ಅವನ ಆಟಕ್ಕೆ ಬೇಕಾದದ್ದು ವೇಗವಲ್ಲ, ಗುಂಡಿ ಒತ್ತಿದ್ದು ಆ ಕಡೆ ತಲುಪುವ ಹೊತ್ತು ಕಡಿಮೆಯಿರಬೇಕು, ಒಂದೇ ಸಮನಾಗಿಯೂ ಇರಬೇಕು. ಟವರಿನ ಕೆಳಗೆ ಮೊಬೈಲಿನವರು ಹೆಚ್ಚಾದಾಗ ಅದು ಏರುಪೇರಾಗುತ್ತದೆ, ಇವನು ಗುಂಡು ಹಾರಿಸುವ ಮೊದಲೇ ಸತ್ತಿರುತ್ತಾನೆ. ಗಾಳಿಯ ನೆಟ್ಟಿನ ಶತ್ರುಗಳಲ್ಲಿ ಈ ಜನಜಂಗುಳಿ ಒಂದು, ನಡುವೆ ಬಂದು ನಿಲ್ಲುವ ಯಾವುದೇ ವಸ್ತು ಇನ್ನೊಂದು. ಸೂರತ್ತಿನಲ್ಲಿ ನಡುವೆ ಬಂದು ನಿಲ್ಲುವುದೆಂದರೆ ಹದಿನಾಲ್ಕು ಮಹಡಿಯೇ ನಿಲ್ಲುತ್ತದೆ.

ಹಾಗಿದ್ದರೆ ಉಪಗ್ರಹವೇ ಮೇಲು ಎನ್ನಿಸಬಹುದು. ಈ ವಿಷಯದಲ್ಲಿ ಅವ್ವ ನಮಗೆಲ್ಲ ಹಿರಿಯಳು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾದಿಂದ ಕೈಗಡ ತಂದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಮುಟ್ಟಿಸಿತು. ಅದರ ಮುಖ್ಯ ಭೂಕೇಂದ್ರ ಇದ್ದದ್ದು ಅಹಮದಾಬಾದಿನಲ್ಲಿ. ಹಳ್ಳಿಗಳಲ್ಲಿ ನಮ್ಮ ವಿಜಾಪುರ, ರಾಯಚೂರು, ಗುಲ್ಬರ್ಗಾ ಜಿಲ್ಲೆಯವೂ ಇದ್ದವು. ಅವ್ವನ ತವರು ಆ ಸೀಮೆಯದು. ಕೋಳಿಬಲೆ ಬಿಗಿದ ಮೂರು ಮೀಟರಿನ ಛತ್ರಿಯ ಕೆಳಗೆ ಊರೆಲ್ಲ ಕೂತು ನೋಡಿದ್ದು ಅವಳಿಗೆ ನಿನ್ನೆಯ ಮಾತು. “ಅವಾಗ ನಿಮ್ಮ ಅಹಮದಾಬಾದಿನಿಂದ ಆಕಾಶಕ್ಕ ಹೋಗಿ ಬಂದ್ರೂ ಚಿತ್ರ ಸ್ವಚ್ಛ ಇತ್ತು. ಈಗ ಬರೇ ಅಕ್ಕನ ಮನೀಂದ ಬರೂದರಾಗ ಇಷ್ಟು ಒದ್ದಾಟ?” ಆ ಕನೆಕ್ಷನ್ನಿನ ಶತ್ರು ಕೈಗಡವೇ: ವರ್ಷ ತುಂಬಿತು, ಕೊಟ್ಟವರು ವಾಪಸು ಕೇಳಿದರು. 36,000 ಕಿಲೋಮೀಟರು ಎತ್ತರದ ಉಪಗ್ರಹಗಳಿಗೆ ಇನ್ನೊಂದು ದೋಷವಿದೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಉತ್ತರ ತಿರುಗಿ ಬರಲು ಇನ್ನೊಂದು ಕಾಲು. ಟೀವಿಗೆ ಅದು ಗೊತ್ತೇ ಆಗದು. ಆದರೆ ಸೊಸೆಯ ಉತ್ತರ ಅರ್ಧ ಸೆಕೆಂಡು ತಡವಾದರೆ ಅತ್ತೆ ಅದಕ್ಕೆ ನೂರು ಅರ್ಥ ಹಚ್ಚುತ್ತಾಳೆ. ಸ್ಟಾರ್‌ಲಿಂಕಿನವು 550 ಕಿಲೋಮೀಟರಿನ ಆಸುಪಾಸಿನಲ್ಲೇ ಸುತ್ತುವುದರಿಂದ ಆ ತಡ ಇಲ್ಲ. 2025ರ ಜೂನಿನಲ್ಲಿ ಅವರಿಗೆ ನಮ್ಮ ಸರ್ಕಾರದ ಪರವಾನಗಿಯೂ ಸಿಕ್ಕಿತು. ನಮ್ಮ ಚೇರ್ಮನ್ನರು ಆಗಲೇ ಆಕಾಶದ ಕಡೆ ನೋಡಿ “ಭಾವ್ ಶು ಛೆ?” ಎಂದು ದರ ವಿಚಾರಿಸಿದ್ದಾರೆ.

ತಮ್ಮನ ಶತ್ರುವೂ ನನ್ನ ಶತ್ರುವೂ ಒಂದೇ ದಿನ ಕಣಕ್ಕಿಳಿದದ್ದು ಈ ಸಲದ ಉತ್ತರಾಯಣಕ್ಕೆ. ಎಳ್ಳುಬೆಲ್ಲ ಹಂಚಲು ಅವ್ವ ಎಂಟರ ಕರೆಯನ್ನು ಬೆಳಿಗ್ಗೆ ಹನ್ನೊಂದಕ್ಕೇ ಮಾಡಿದಳು. ತಮ್ಮನ ಫೈಬರ್ ಹತ್ತಕ್ಕೇ ಮಲಗಿತ್ತು. ಅವನು ಕರುಣೆಯನ್ನೆಲ್ಲ ಕಳೆದುಕೊಂಡು ಮೊಬೈಲಿನಿಂದ ಪಿಸುಗುಟ್ಟುತ್ತಿದ್ದ. ನಮ್ಮ ಮಾಳಿಗೆಯಲ್ಲಿ ಹುಡುಗರು ಹಾಡು ಹಾಕಲು ತಂದ ಆಳೆತ್ತರದ ಸ್ಪೀಕರುಗಳನ್ನು ಸರಿಯಾಗಿ ನನ್ನ ಡಬ್ಬಿಯ ಮುಂದೆಯೇ ಪೇರಿಸಿದ್ದರು. ಅಕ್ಕನ ಮುಖ ಮಾತ್ರ ಹೊಳೆಯುತ್ತಿತ್ತು, ಅವಳ ಮೂಗುಬೊಟ್ಟಿನ ಹರಳು ಎಣಿಸಬಹುದಿತ್ತು. ಅವಳ ಶತ್ರುಗಳೆಲ್ಲ ಟೀವಿ ಆರಿಸಿ, ಊಂಧಿಯು-ಜಲೇಬಿ ಕಟ್ಟಿಕೊಂಡು, ಮಾಳಿಗೆಯ ಮೇಲೆ “ಕಾಯ್‌ಪೋ ಛೆ!” ಎಂದು ಕೂಗುತ್ತಿದ್ದರು.

ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಉತ್ತಮ ಕನೆಕ್ಷನ್ ಎಂಬುದಿಲ್ಲ. ಒಂದೇ ದಿನ ಬಾರದ ಶತ್ರುಗಳಿರುವ ಎರಡು ಕನೆಕ್ಷನ್ ಇರಬೇಕು. ಗಾಳಿಯದರ ಜೊತೆಗೆ ಕಡಿಮೆ ದರದ ಒಂದು ಕೇಬಲ್ಲನ್ನೂ ಹಾಕಿಸಿದೆ. ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ಎಂಟರ ಕರೆಯಲ್ಲಿ ಈ ವ್ಯವಸ್ಥೆಯನ್ನು ಹೆಮ್ಮೆಯಿಂದ ಅವ್ವನಿಗೆ ವಿವರಿಸಿದೆ. ಪಕ್ಕದಲ್ಲಿ, ಕನ್ನಡ ಪಾಠ ಒಪ್ಪಿಸಬೇಕಾದಾಗಲೆಲ್ಲ ಚಿತ್ರ ನಿಂತುಹೋದವನಂತೆ ಅಲುಗಾಡದೆ ಕೂರುವ ಕಲೆಯಲ್ಲಿ ಪಳಗಿದ ಮಗ, ನನ್ನ ಕಾಲು ತುಳಿದು ಸುಮ್ಮನಿರೆಂದು ಸನ್ನೆ ಮಾಡುತ್ತಿದ್ದ.

“ಭಾಳ ಛಲೋ ಆತು,” ಎಂದಳು ಅವ್ವ. “ಅಂದ್ರ ಇನ್ನಮ್ಯಾಲೆ ನೆಟ್ ಇರಲಿಲ್ಲವಾ ಅನ್ನೋ ನೆವ ಇಲ್ಲ. ಮುಂಜಾನೆ ಏಳಕ್ಕೂ ಒಮ್ಮೆ ಮಾಡ್ತೀನಿ.”

ಎರಡರಲ್ಲಿ ಯಾವುದನ್ನು ತೆಗೆಸುವುದೆಂದು ನಾನೂ ಮಗನೂ ಈಗ ಹೊಸದಾಗಿ ಹೋಲಿಸಿ ನೋಡುತ್ತಿದ್ದೇವೆ. ಈ ಸಲ ಶತ್ರುಗಳು ಹೆಚ್ಚಿರುವುದನ್ನೇ ಉಳಿಸಿಕೊಳ್ಳುವುದೆಂದು ತೀರ್ಮಾನ.