ಫಿಟ್‌ನೆಸ್ಸಿಗೂ ಇಂಟರ್ನಲ್ಸು!

ಆರೋಗ್ಯವೂ ಒಂದು ಪೇಪರು ಎಂದು ಡಿಗ್ರಿ ಮಕ್ಕಳಿಗೆ ಗೊತ್ತಾದದ್ದು ಟೈಂಟೇಬಲ್ ನೋಡಿದಾಗಲೇ. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಯೋಗ, ಆರೋಗ್ಯ, ಕ್ರೀಡೆಗಳೆಲ್ಲ ಕ್ರೆಡಿಟ್ಟಿನ ಲೆಕ್ಕಕ್ಕೆ ಸೇರಿದವು. ಅಲ್ಲಿಯವರೆಗೆ ಪಿ.ಇ. ಮೇಷ್ಟ್ರು ಎಂದರೆ ವಾರ್ಷಿಕೋತ್ಸವದಲ್ಲಿ ಸೀಟಿ ಊದಿ ಗಲಾಟೆ ನಿಲ್ಲಿಸುವವರು. ಅವರ ಕೈಗೂ ಮಾರ್ಕ್ಸು ಬಂದದ್ದೇ ತಡ, ಕ್ಯಾಂಪಸ್ಸಿನಲ್ಲಿ ನಮಸ್ಕಾರಗಳು ಹೆಚ್ಚಿದವು. ಸೂರ್ಯನಿಗಲ್ಲ, ಮೇಷ್ಟ್ರಿಗೆ.

ಮೊದಲ ಪ್ರಾಕ್ಟಿಕಲ್ಲು ಬಿಎಂಐ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಬೇಕು. ಸೂತ್ರ ಕೊಟ್ಟ ಬೆಲ್ಜಿಯಂನ ಕ್ವೆಟ್ಲೆ ಡಾಕ್ಟರಲ್ಲ, ಗಣಿತಜ್ಞ. ಗಣಿತಕ್ಕೆ ಹೆದರಿ ಬಿ.ಎ. ಸೇರಿದವರಿಗಾಗಿ 19ನೇ ಶತಮಾನದಿಂದಲೇ ಹೊಂಚು ಹಾಕಿ ಕೂತಿದ್ದಾನೆ. ಭಾರತೀಯರಿಗೆ 23 ಮುಟ್ಟಿದರೆ ತೂಕ ಹೆಚ್ಚೆಂದೇ ಲೆಕ್ಕ. 23.4 ಬಂದ ಹುಡುಗನೊಬ್ಬ ಶೂ ಬಿಚ್ಚಿದ, ಬೆಲ್ಟು ಬಿಚ್ಚಿದ, ಪವರ್ ಬ್ಯಾಂಕನ್ನು ಗೆಳೆಯನ ಕೈಗಿತ್ತ. ಮುಳ್ಳು ಕದಲಿದ್ದು ಅಷ್ಟಕ್ಕಷ್ಟೇ. “ಸರ್, ಎತ್ತರವನ್ನೇ ಇನ್ನೊಮ್ಮೆ ಅಳೀರಿ” ಎಂದ.

ಆಮೇಲೆ ಕೂಪರ್ ಟೆಸ್ಟು. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಸೈನಿಕರಿಗೆಂದು ರೂಪಿಸಿದ 12 ನಿಮಿಷದ ಓಟ. ನಮ್ಮವರು ಮೊದಲ ಸುತ್ತು ಓಡುತ್ತಾರೆ, ಎರಡನೆಯದು ನಡೆಯುತ್ತಾರೆ, ಮೂರನೆಯದರಲ್ಲಿ ಲೇಸು ಕಟ್ಟುತ್ತಾರೆ. ಪೂರ್ತಿ ಓಡುವವರು ಹಳ್ಳಿಯಿಂದ ಬರುವ ಹುಡುಗಿಯರು. ಸರ್ಕಾರಿ ಬಸ್ಸಿನ ಹಿಂದೆ ಅವರಿಗೆ ದಿನಾ ತಾಲೀಮು.

ಥಿಯರಿಯಲ್ಲಿ ಮಾತ್ರ ಎಲ್ಲರೂ ಪೈಲ್ವಾನರೇ. ವಾರಕ್ಕೆ 150 ನಿಮಿಷ ವ್ಯಾಯಾಮ ಬೇಕೆಂದು ಬರೆದು, ಅಡಿಗೆರೆ ಎಳೆದು, ಒಂದು ಮಹಡಿ ಇಳಿಯಲು ಲಿಫ್ಟಿಗೆ ಕಾಯುತ್ತಾರೆ. ಪ್ರಾಂಶುಪಾಲರೇ, ಲಿಫ್ಟು ಕೆಟ್ಟರೆ ಸೆಮಿಸ್ಟರ್ ಮುಗಿಯುವ ತನಕ ದಯವಿಟ್ಟು ರಿಪೇರಿ ಮಾಡಿಸಬೇಡಿ.