ಪ್ರಮಾಣಷಟ್ಕ ನಿರ್ಣಯ: ಅಲ್ಪವ್ಯಯದಲ್ಲಿ ಔಟ್‌ಬೋರ್ಡ್ ಎಂಜಿನ್ ಅಳೆಯುವ ಶಾಸ್ತ್ರ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ 10 ಅಶ್ವಶಕ್ತಿ ಮೀರಿದ ಎಂಜಿನ್ನಿನ ದೋಣಿಗಳಿಗೆ ಕಡಲು ನಿಷಿದ್ಧ. ಚಾತುರ್ಮಾಸ್ಯಸದೃಶವಾದ ಈ ಅವಧಿಯಲ್ಲಿ ಮಲ್ಪೆ, ಗಂಗೊಳ್ಳಿಗಳ ಕಡೆ ಎಂಜಿನ್ನುಗಳನ್ನು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಅಳೆಯಬೇಕು. ಅಳೆಯುವ ಉಪಕರಣದ ಬೆಲೆ ಕೇಳಿದ ಮೇಲೆ ಮತ್ತೆ ಮುಚ್ಚಬೇಕು. ಇದೇ ಪ್ರಕೃತ ಗ್ರಂಥದ ವಿಷಯ. ಅಧಿಕಾರಿ: ತನ್ನ ಔಟ್‌ಬೋರ್ಡನ್ನು ತಾನೇ ರಿಪೇರಿ ಮಾಡುವೆನೆಂದು ಮನೆಯವರ ಮುಂದೆ ಹೇಳಿಬಿಟ್ಟವನು. ಪ್ರಯೋಜನ: ಹಣದ ಉಳಿತಾಯ. ಸಂಬಂಧ: ಗುಜರಿ ಅಂಗಡಿಯೊಂದಿಗೆ.

ಪ್ರಮಾಣಗಳು ಆರು ಎಂಬುದು ಭಾಟ್ಟ ಮೀಮಾಂಸಕರ ಮತ. ಎಂಜಿನ್ ವಿಷಯದಲ್ಲಿ ನಮ್ಮದೂ ಅದೇ.

ಮೊದಲನೆಯದಾದ ಪ್ರತ್ಯಕ್ಷವೇ ಅತ್ಯಂತ ದುಬಾರಿ. 1631ರಲ್ಲಿ ಪಿಯೆರ್ ವೆರ್ನಿಯೆ ತನ್ನ ಮಾಪಕವನ್ನು ಪ್ರಕಟಿಸಿದ. 1848ರಲ್ಲಿ ಪ್ಯಾರಿಸ್ಸಿನ ಪಾಲ್ಮರ್ ಮೈಕ್ರೋಮೀಟರಿಗೆ ಪೇಟೆಂಟ್ ಪಡೆದ. ಅವನ್ನು ಸಾಲ ಮಾಡದೆ ಕೊಳ್ಳುವುದು ಹೇಗೆಂಬ ಬಗ್ಗೆ ಇಬ್ಬರು ಆಚಾರ್ಯರೂ ಮೌನಿಗಳು. ಸಣ್ಣ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ಸಾಮಾನ್ಯವಾಗಿ 0.1 ಮಿ.ಮೀ.ಗೂ ಕಡಿಮೆ. 0.02 ಮಿ.ಮೀ. ಓದುವ ವರ್ನಿಯರ್ ಅಲ್ಲಿ ತೋರಿಸುವುದು ಅಳತೆಯನ್ನಲ್ಲ, ಹಿಡಿದವನ ಅಭಿಪ್ರಾಯವನ್ನು. ಡಯಲ್ ಬೋರ್ ಗೇಜ್ ಬೇಕು. ಅದರ ಬೆಲೆಗೆ ಬಲೆಯೇ ಬರುತ್ತದೆ. ಆದ್ದರಿಂದ ಟೆಲಿಸ್ಕೋಪಿಕ್ ಗೇಜ್: ಟಿ ಆಕಾರದ, ಸ್ಪ್ರಿಂಗ್ ಇರುವ ಬಡವರ ಬಂಧು. ಸಿಲಿಂಡರಿನೊಳಗೆ ಬಿಟ್ಟು, ಬಿಗಿದು, ಓರೆ ಮಾಡಿ ಹೊರತೆಗೆದು, ಮೈಕ್ರೋಮೀಟರಿನಿಂದ ಅಳೆಯುವುದು. ಮೂರು ಸಲ ಅಳೆದು ಮೂರು ಉತ್ತರ ಬಂದರೆ ತಪ್ಪು ಸಿಲಿಂಡರಿನದಲ್ಲ.

ಇಲ್ಲಿ ಪೂರ್ವಪಕ್ಷ: ಗುಜರಿಯಲ್ಲಿ ಕೊಂಡ ಮೈಕ್ರೋಮೀಟರನ್ನು ನಂಬುವುದು ಹೇಗೆ? ಪ್ರಮಾಣಕ್ಕೆ ಪ್ರಮಾಣ ಕೇಳಿದರೆ ಅನವಸ್ಥಾದೋಷವಲ್ಲವೆ? ಅಲ್ಲ. 6204 ಸಂಖ್ಯೆಯ ಹೊಸ ಬೇರಿಂಗ್ ಒಂದನ್ನು ಕೊಳ್ಳತಕ್ಕದ್ದು. ಒಳವ್ಯಾಸ 20, ಹೊರವ್ಯಾಸ 47 ಮಿ.ಮೀ. ಒಳ್ಳೆಯ ಕಂಪನಿಯದಾದರೆ ಎರಡೂ ಹೆಚ್ಚೆಂದರೆ ಮಿಲಿಮೀಟರಿನ ನೂರನೇ ಒಂದರಷ್ಟು ಕಡಿಮೆ ಇದ್ದೀತು, ಹೆಚ್ಚಿರದು. ಮೈಕ್ರೋಮೀಟರ್ ಅದನ್ನು ಹೊರಗಿನಿಂದ ಸರಿಯಾಗಿ ಓದಿದರೆ, ಗೇಜ್ ಒಳಗಿನಿಂದ ಒಪ್ಪಿದರೆ ವಾದ ಮುಗಿಯಿತು. ಅಗಲ 14 ಎಂದಿದ್ದರೂ ಅದನ್ನು ನಂಬಬಾರದು. ಅಗಲದಲ್ಲಿ ಕಾರ್ಖಾನೆಯವರು ಉದಾರಿಗಳು.

ಮತ್ತೊಂದು ಸೂತ್ರ: 'ಮರೈನ್' ಎಂಬ ಉಪಾಧಿ ಅಂಟಿದೊಡನೆ ಬೆಲೆ ಏರುತ್ತದೆ. ಎಷ್ಟೋ ಔಟ್‌ಬೋರ್ಡುಗಳ ಪ್ಲಗ್ಗಿನ ಥ್ರೆಡ್ಡು ಬೈಕಿನದ್ದೇ, 14 ಮಿ.ಮೀ. ಆದಕಾರಣ ಕಂಪ್ರೆಶನ್ ಗೇಜನ್ನು ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳುವುದು. ದೋಣಿಯ ಸುದ್ದಿ ಎತ್ತದಿರುವುದು.

ಅನುಮಾನ ಇಲ್ಲಿ ಕೆಲಸಕ್ಕೆ ಬಾರದು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟು, ನಿಜ. ಆದರೆ ಆಯಿಲ್ ಬೆರೆಸಿ, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್ ಆರೋಗ್ಯದಲ್ಲೂ ಹೊಗೆಯುಗುಳುತ್ತದೆ. ಹೇತು ಅನೈಕಾಂತಿಕ.

ಉಪಮಾನಕ್ಕೆ ಗೋವಿನಂತೆ ಗವಯ ಎಂಬುದು ಹಳೆಯ ಉದಾಹರಣೆ. ಹ್ಯಾಕ್ಸಾ ಬ್ಲೇಡಿನಂತೆ ಪ್ಲಗ್ಗಿನ ಗ್ಯಾಪ್ ಎಂಬುದು ನವ್ಯರದು. ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಆದರೆ ಬೆನ್ನಿನ ಕಡೆಯಿಂದ ತೂರಿಸಬೇಕು. ಹಲ್ಲಿನ ಕಡೆ ಅಂಚು ಅಲೆಯಲೆಯಾಗಿ ಬಾಗಿರುತ್ತದೆ. ನಮ್ಮ ಪ್ಲಗ್ 0.9 ಕೇಳುತ್ತದಲ್ಲಾ ಎಂದು ಮೇಸ್ತ್ರಿಯನ್ನು ಪ್ರಶ್ನಿಸಿದರೆ, "ಅದೆಂತ ಮಾರಾಯ್ರೆ, ಬ್ಲೇಡ್ ಹೋಗ್ತದಲ್ಲ, ಸಾಕು" ಎಂಬ ಉತ್ತರ ದೊರೆಯುತ್ತದೆ. ಇದೇ ನಾಲ್ಕನೆಯದಾದ ಶಬ್ದಪ್ರಮಾಣ. ಆಪ್ತವಾಕ್ಯಕ್ಕೆ ಅಪೀಲಿಲ್ಲ, ಅಪೀಲು ಹೋದವನ ಎಂಜಿನ್ನನ್ನು ಮೇಸ್ತ್ರಿ ಮುಂದಿನ ವರ್ಷ ಮುಟ್ಟುವುದಿಲ್ಲ.

ಅರ್ಥಾಪತ್ತಿ: ಹಗಲುಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ. ಯಾರೂ ನೀರು ಹಾಕದ ಗೇರ್‌ಬಾಕ್ಸಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಖಾತ್ರಿ ಬೇಕಾದವರು ಡ್ರೈನ್ ಸ್ಕ್ರೂವಿನ ತೂತಿಗೆ ಲೇತಿನಲ್ಲಿ ಒಂದು ಅಡಾಪ್ಟರ್ ತಿರುಗಿಸಿಕೊಂಡು ಸೈಕಲ್ ಪಂಪು, ಸಣ್ಣ ಪ್ರೆಷರ್ ಗೇಜು, ಸೋಪಿನ ನೀರಿನಿಂದ ಕೆಲಸ ಮುಗಿಸಬಹುದು. ಉತ್ಸಾಹದಿಂದ ಒತ್ತಿದರೆ ಉಳಿದ ಸೀಲೂ ಹೋಗುತ್ತದೆ. ಆಗ ಅರ್ಥಾಪತ್ತಿಯ ಅಗತ್ಯವೇ ಬೀಳದು.

ಕೊನೆಯದು ಅನುಪಲಬ್ಧಿ, ಎಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಫೀಲರ್ ಗೇಜಿನ ಎಲೆಗಳನ್ನು ಬಿಡಿಸುತ್ತ ಹೋಗಿ: 0.10 ಇದೆ, 0.15 ಇದೆ, 0.20 ಇದೆ, ಪಾಯಿಂಟಿಗೆ ಬೇಕಾದ 0.35 ಮಾತ್ರ ಇಲ್ಲ. 0.15ನ್ನೂ 0.20ನ್ನೂ ಎಣ್ಣೆ ಒರೆಸಿ ಜೋಡಿಸಿಕೊಳ್ಳಬಹುದೆಂದು ವೃದ್ಧರ ಮತ. ಇಲ್ಲವಾದ ಎಲೆಯನ್ನು ಪಕ್ಕದ ದೋಣಿಯವರು ಪಿಸ್ಟನ್ನಿನ ಕರಿ ಕೆರೆಯಲು ಒಯ್ದಿದ್ದಾರೆ ಎಂಬಲ್ಲಿ ಆರೂ ದರ್ಶನಗಳಿಗೆ ಒಮ್ಮತವಿದೆ. ಅದು ಹಿಂದಿರುಗುವುದೋ ಇಲ್ಲವೋ ಎಂಬುದು ಪುನರ್ಜನ್ಮ ಪ್ರಕರಣಕ್ಕೆ ಸೇರಿದ್ದರಿಂದ ಇಲ್ಲಿ ಚರ್ಚಿಸಿಲ್ಲ.