ಅಧಿಕಾರವಿಲ್ಲದ ಕುರ್ಚಿ: ಬಳಸುವ ವಿಧಾನ

ಮಾದರಿ: ಪಾರ್ಕು ಮತ್ತು ಮನರಂಜನೆ ಸಲಹಾ ಆಯೋಗ
ದೊರೆಯುವ ಸ್ಥಳ: ಪಾಲೊ ಆಲ್ಟೊ ನಗರ, ಕ್ಯಾಲಿಫೋರ್ನಿಯಾ
ವಿದ್ಯುತ್ ಬೇಕಿಲ್ಲ. ತಾಳ್ಮೆಯನ್ನು ಬಳಕೆದಾರರೇ ತರಬೇಕು.

ಮಾನ್ಯ ಸದಸ್ಯರೇ,

ಪಾರ್ಕಿನ ಬೆಂಚು ಮುರಿದಿದೆ, ನಲ್ಲಿ ಸೋರುತ್ತಿದೆ, ಮಕ್ಕಳ ಈಜು ತರಗತಿಗೆ ಹೆಸರು ಬರೆಸುವಷ್ಟರಲ್ಲಿ ಸೀಟು ಮುಗಿದಿದೆ ಎಂದು ಊರೆಲ್ಲ ಗೊಣಗುತ್ತಿದ್ದಾಗ ನೀವು ಮಾತ್ರ ಗೊಣಗುವುದು ಬಿಟ್ಟು ಅರ್ಜಿ ಹಾಕಿದಿರಿ. ನಗರ ಕೌನ್ಸಿಲಿನವರು ಮಾತಾಡಿಸಿದರು, ಮತ ಹಾಕಿದರು, ಆಯ್ಕೆ ಮಾಡಿದರು. ಅಭಿನಂದನೆ. ಇನ್ನು ಮುಂದೆ ಊರು ನಿಮ್ಮ ಮೇಲೂ ಗೊಣಗುತ್ತದೆ. ಸಾಧನವನ್ನು ಚಾಲೂ ಮಾಡುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ.

1. ಪೆಟ್ಟಿಗೆಯೊಳಗೆ ಏನೇನಿದೆ

ಸದಸ್ಯರು 7. ಎಲ್ಲರೂ ಅದೇ ಊರಿನ ನಿವಾಸಿಗಳು. ಅವರೊಳಗೇ ಒಬ್ಬರು ಅಧ್ಯಕ್ಷರು, ಒಬ್ಬರು ಉಪಾಧ್ಯಕ್ಷರು. ಅವಧಿ 3 ವರ್ಷ. ಹೆಸರು ಬರೆದ ಫಲಕ, ಮೈಕು ತಲಾ ಒಂದು. ಸಭೆಗೆ ಮುಂಚೆ ಬರುವ ದಪ್ಪ ಕಡತ ತಿಂಗಳಿಗೊಂದು. ಇಲಾಖೆಗೂ ಆಯೋಗಕ್ಕೂ ನಡುವೆ ಓಡಾಡುವ ಸಿಬ್ಬಂದಿ ಒಬ್ಬರು. ಕೌನ್ಸಿಲಿನ ಕಡೆಯಿಂದ ಕೇಳಿಸಿಕೊಳ್ಳಲು ಬರುವ ಪ್ರತಿನಿಧಿ ಒಬ್ಬರು.

ಪೆಟ್ಟಿಗೆಯಲ್ಲಿ ಇಲ್ಲದ್ದು: ಸಂಬಳ, ಬಜೆಟ್ಟು, ಸಹಿ ಹಾಕುವ ಅಧಿಕಾರ, ಯಾರನ್ನಾದರೂ ಗದರುವ ಹಕ್ಕು. ಇವು ಸಾಗಣೆಯಲ್ಲಿ ಬಿದ್ದುಹೋಗಿವೆ ಎಂದು ದೂರು ಕೊಡಬೇಡಿ. ತಯಾರಕರು ಹಾಕಿಯೇ ಇಲ್ಲ.

2. ಸಾಧನ ಮಾಡುವ ಕೆಲಸ

ಇದು ಸಲಹೆ ಕೊಡುತ್ತದೆ. ಅಷ್ಟೇ. ಪಾರ್ಕಿನ ದೀಪ ಕೆಟ್ಟರೆ ಬದಲಿಸಲು ನೀವು ಆಜ್ಞೆ ಮಾಡುವಂತಿಲ್ಲ. ಮಾಲಿಯನ್ನು ಕರೆದು ಈ ಗಿಡ ಅಲ್ಲಿ ನೆಡಯ್ಯಾ ಎನ್ನುವಂತಿಲ್ಲ. ಮಾಲಿ ಇಲಾಖೆಯ ಮಾತು ಕೇಳುತ್ತಾನೆ, ಇಲಾಖೆ ಸಿಟಿ ಮ್ಯಾನೇಜರ್ ಮಾತು ಕೇಳುತ್ತದೆ, ಮ್ಯಾನೇಜರ್ ಕೌನ್ಸಿಲಿನ ಮಾತು ಕೇಳುತ್ತಾರೆ, ಕೌನ್ಸಿಲು ಮತದಾರರ ಮಾತು ಕೇಳುತ್ತದೆ ಎಂದು ನಂಬಿಕೆ. ಈ ಸಾಲಿನಲ್ಲಿ ನೀವು ಎಲ್ಲಿದ್ದೀರಿ ಎಂದು ಹುಡುಕಬೇಡಿ. ಮದುವೆ ಮನೆಯಲ್ಲಿ ಸೋದರತ್ತೆ ಇದ್ದಂತೆ ನೀವು: ಅಡುಗೆ ನಿಮ್ಮದಲ್ಲ, ಖರ್ಚು ನಿಮ್ಮದಲ್ಲ, ಆದರೆ ನಿಮ್ಮನ್ನು ಒಂದು ಮಾತು ಕೇಳದೆ ತಾಳಿ ಕಟ್ಟಿಸಿದರೆ ಊರು ಆಡಿಕೊಳ್ಳುತ್ತದೆ.

ಆ ಒಂದು ಮಾತಿನ ವ್ಯಾಪ್ತಿ ಮಾತ್ರ ಸಣ್ಣದಲ್ಲ. ಆಟದ ಮೈದಾನ ಯಾರಿಗೆ ಎಷ್ಟು ಗಂಟೆ, ಈಜುಕೊಳದ ಶುಲ್ಕ ಎಷ್ಟು, ನಾಯಿಗಳಿಗೆ ಬೇಲಿ ಹಾಕಿದ ಜಾಗ ಎಲ್ಲಿ, ಶೌಚಾಲಯ ಯಾವ ಪಾರ್ಕಿಗೆ ಮೊದಲು, ಬೇಲ್ಯಾಂಡ್ಸ್‌ನ ಜೌಗು ನೆಲದಲ್ಲಿ ಹಕ್ಕಿಗೆಷ್ಟು, ಮನುಷ್ಯನಿಗೆಷ್ಟು ಎಂಬುದೆಲ್ಲ ಈ ಮೇಜಿಗೆ ಬರುತ್ತದೆ. 2017ರಲ್ಲಿ ನಗರ ಒಪ್ಪಿಕೊಂಡ ಪಾರ್ಕು, ಕಾಲುದಾರಿ, ಬಯಲು ಪ್ರದೇಶಗಳ ಮಹಾಯೋಜನೆಯೂ ಇಲ್ಲಿ ಹಾದುಹೋಗಿಯೇ ಕೌನ್ಸಿಲಿನ ಮುಂದೆ ನಿಂತಿತು.

3. ಸುರಕ್ಷತಾ ಎಚ್ಚರಿಕೆ

ಈ ಭಾಗವನ್ನು ಓದುವ ತನಕ ಸಹಸದಸ್ಯರಿಗೆ ಫೋನ್ ಮಾಡಬೇಡಿ.

1952ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಪತ್ರಿಕೆಯ ವರದಿಗಾರ ಮೈಕೆಲ್ ಹ್ಯಾರಿಸ್ ಊರೂರಿನ ಸ್ಥಳೀಯ ಸಂಸ್ಥೆಗಳು ಗುಟ್ಟಾಗಿ ಸಭೆ ಸೇರುವುದರ ಬಗ್ಗೆ ಸರಣಿ ಬರೆದರು. ಮರುವರ್ಷವೇ, 1953ರಲ್ಲಿ, ಶಾಸಕ ರಾಲ್ಫ್ ಬ್ರೌನ್ ಅವರ ಹೆಸರಿನ ಕಾಯ್ದೆ ಬಂತು. ಅದರ ಸಾರ ಇಷ್ಟು: ಜನರ ಕೆಲಸವನ್ನು ಜನರ ಎದುರಿಗೇ ಮಾಡಿ. ಕೌನ್ಸಿಲಿಗೆ ಹೇಗೋ, ಅಧಿಕಾರವಿಲ್ಲದ ನಿಮಗೂ ಹಾಗೇ ಈ ಕಾಯ್ದೆ ಅನ್ವಯಿಸುತ್ತದೆ. ಅಧಿಕಾರ ಕೊಡುವಾಗ ಮರೆತವರು ಕಟ್ಟುಪಾಡು ಹಾಕುವಾಗ ನಿಮ್ಮನ್ನು ನೆನಪಿಟ್ಟುಕೊಂಡಿದ್ದಾರೆ.

ಏಳರಲ್ಲಿ ನಾಲ್ಕು ಎಂದರೆ ಬಹುಮತ. ನಾಲ್ವರು ಸದಸ್ಯರು ಒಂದೇ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿನ್ನಬಹುದು, ತೊಂದರೆಯಿಲ್ಲ. ನಡುವೆ ಒಬ್ಬರು ನಾಯಿ ಪಾರ್ಕಿನ ಬೇಲಿಯ ಎತ್ತರದ ಮಾತೆತ್ತಿ ಉಳಿದವರು ಅಭಿಪ್ರಾಯ ಹೇಳತೊಡಗಿದರೆ ಆ ಮೇಜೇ ಅಕ್ರಮ ಸಭೆಯಾಯಿತು. ನೀವು ಒಬ್ಬರಿಗೆ, ಅವರು ಇನ್ನೊಬ್ಬರಿಗೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ ಫೋನಿನಲ್ಲಿ ಅದೇ ವಿಷಯ ದಾಟಿಸಿದರೂ ಲೆಕ್ಕ ಒಂದೇ. ಇಮೇಲಿನಲ್ಲಿ ‘ಎಲ್ಲರಿಗೂ ಉತ್ತರಿಸಿ’ ಎಂಬ ಗುಂಡಿಯನ್ನು ಮುಟ್ಟಲೇಬೇಡಿ. ಆಯೋಗದ ತಾತ್ಕಾಲಿಕ ಉಪಸಮಿತಿಗಳಲ್ಲಿ ಮೂವರಿಗಿಂತ ಹೆಚ್ಚು ಜನ ಯಾಕಿರುವುದಿಲ್ಲ ಎಂದು ಈಗ ತಿಳಿಯಿತಲ್ಲ?

ಸಾಮಾನ್ಯ ಸಭೆಗೆ ಕನಿಷ್ಠ 72 ಗಂಟೆ ಮೊದಲು ಕಾರ್ಯಸೂಚಿಯನ್ನು ಜನರಿಗೆ ಕಾಣುವಂತೆ ಹಚ್ಚಿರಬೇಕು. ಅದರಲ್ಲಿಲ್ಲದ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವಂತಿಲ್ಲ. ಯಾರೋ ಅಜ್ಜಿ ಎದ್ದು ನಿಂತು, ತಮ್ಮ ಮನೆ ಎದುರಿನ ಪಾರ್ಕಿನಲ್ಲಿ ಜೋಕಾಲಿಯ ಸರಪಳಿ ಕಿರುಗುಟ್ಟಿ ರಾತ್ರಿ ನಿದ್ದೆಯಿಲ್ಲ ಎಂದು ಕಣ್ಣೀರು ಹಾಕಿದರೂ ನೀವು ‘ತಿಳಿಸಿದ್ದಕ್ಕೆ ಧನ್ಯವಾದ, ಸಿಬ್ಬಂದಿ ಗಮನಿಸುತ್ತಾರೆ’ ಎನ್ನಬಹುದು, ಹೆಚ್ಚಿಗೆ ಲಂಬಿಸುವಂತಿಲ್ಲ. ಅಜ್ಜಿಗೆ ನೀವು ಕಲ್ಲುಹೃದಯದವರಂತೆ ಕಾಣುತ್ತೀರಿ. ಇದು ಸಾಧನದ ದೋಷವಲ್ಲ.

4. ಚಾಲನೆ ಮಾಡುವ ಕ್ರಮ

ಹಂತ ಒಂದು: ಹಾಜರಿ. ನಾಲ್ವರಿದ್ದರೆ ಕೋರಂ ಆಯಿತು.

ಹಂತ ಎರಡು: ಸಾರ್ವಜನಿಕರ ಮಾತು. ತಲಾ ಮೂರು ನಿಮಿಷ. ಮಾತಾಡುವವರ ಸಾಲು ಉದ್ದವಾದಷ್ಟೂ ಸಮಯ ಗಿಡ್ಡವಾಗುತ್ತದೆ. ಕೋಪಗೊಂಡವರೇ ಹೆಚ್ಚು ಬರುತ್ತಾರೆ, ನೆಮ್ಮದಿಯಾಗಿ ವಾಕಿಂಗ್ ಮಾಡುವವರು ಪಾರ್ಕಿನಲ್ಲೇ ಇರುತ್ತಾರೆ. ಆದ್ದರಿಂದ ಸಭಾಂಗಣದ ಗಲಾಟೆಯಿಂದ ಊರಿನ ಮನಸ್ಸನ್ನು ಅಳೆಯಬೇಡಿ.

ಹಂತ ಮೂರು: ಸಿಬ್ಬಂದಿ ಚಿತ್ರಪಟಗಳ ಸಹಿತ ವರದಿ ಒಪ್ಪಿಸುತ್ತಾರೆ. ಕಡತ ಓದಿಕೊಂಡು ಬಂದವರು ಯಾರು, ಬಾರದವರು ಯಾರು ಎಂಬುದು ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಇಪ್ಪತ್ತನೇ ಪುಟದಲ್ಲಿ ಇರುವುದನ್ನು ಕೇಳಬೇಡಿ.

ಹಂತ ನಾಲ್ಕು: ಸೂಚನೆ, ಅನುಮೋದನೆ, ತಿದ್ದುಪಡಿ, ತಿದ್ದುಪಡಿಗೆ ತಿದ್ದುಪಡಿ, ಮತ. ಈ ಶಾಸ್ತ್ರದ ಮೂಲಪುರುಷ ಹೆನ್ರಿ ಮಾರ್ಟಿನ್ ರಾಬರ್ಟ್, ಅಮೆರಿಕದ ಸೇನೆಯ ಎಂಜಿನಿಯರು. ಚರ್ಚಿನಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಿ, ಅದು ಕೈಮೀರಿ, ಮಾನ ಹೋದಂತಾಗಿ, ಕೊನೆಗೆ 1876ರಲ್ಲಿ ಸಭೆ ನಡೆಸುವ ನಿಯಮಗಳ ಪುಸ್ತಕವನ್ನೇ ಬರೆದರು. ಒಬ್ಬರ ಮುಜುಗರ ಅಂದಿನಿಂದ ಎಲ್ಲರ ಪಾಲಿಗೂ ಬಂದಿದೆ.

ಹಂತ ಐದು: ಬಹುಮತದಿಂದ ಒಪ್ಪಿದ್ದು ಶಿಫಾರಸಾಗಿ ಕೌನ್ಸಿಲಿಗೆ ಹೋಗುತ್ತದೆ. ಇಲ್ಲಿಂದ ಮುಂದೆ ನೀವು ಕಾಯಬೇಕು.

5. ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ತೊಂದರೆ: ಟೆನಿಸ್ ಆಡುವವರೂ ಪಿಕಲ್‌ಬಾಲ್ ಆಡುವವರೂ ಒಟ್ಟಿಗೆ ಬಂದು ಎದುರುಬದುರು ಕೂತಿದ್ದಾರೆ.
ಕಾರಣ: 1965ರಲ್ಲಿ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಮಕ್ಕಳ ಬೇಸರ ಕಳೆಯಲು ಮನೆಯಂಗಳದಲ್ಲಿ ಹುಟ್ಟಿದ ಆಟ ಈಗ ದೊಡ್ಡವರನ್ನು ಹಿಡಿದುಕೊಂಡಿದೆ. ಟೆನಿಸ್ ಅಂಕಣವೊಂದರ ಜಾಗದಲ್ಲಿ ಪಿಕಲ್‌ಬಾಲಿನ ನಾಲ್ಕು ಅಂಕಣ ಹಿಡಿಸುತ್ತವೆ, ನಾಲ್ಕರಲ್ಲೂ ತೂತಿನ ಪ್ಲಾಸ್ಟಿಕ್ ಚೆಂಡು ಟಪ್ ಟಪ್ ಎನ್ನುತ್ತದೆ.
ಪರಿಹಾರ: ಗಂಟೆ ಹಂಚಿ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ನಿಲ್ಲುವುದಿಲ್ಲ, ಆದರೆ ಯಾವ ಹೊತ್ತಿಗೆ ಯಾರು ಎಳೆಯಬೇಕು ಎಂಬುದು ಬರಹದಲ್ಲಿರುತ್ತದೆ. ಸದ್ದಿನ ಬಗ್ಗೆ ಪಕ್ಕದ ಮನೆಯವರು ಬೇರೆ ದಿನ ಬರುತ್ತಾರೆ.

ತೊಂದರೆ: ಕ್ರಿಕೆಟ್ಟಿಗೆ ಜಾಗ ಕೊಡಿ ಎಂದು ನಮ್ಮವರು ಬಂದಿದ್ದಾರೆ.
ಕಾರಣ: ಬೇಸ್‌ಬಾಲಿನ ಬೀಸಣಿಗೆ ಆಕಾರದ ಮೈದಾನದಲ್ಲಿ ಸ್ಕ್ವೇರ್ ಲೆಗ್ ಎಲ್ಲಿ ನಿಲ್ಲಬೇಕು?
ಪರಿಹಾರ: ಹತ್ತಿರದ ಸನಿವೇಲ್‌ನ ಒರ್ಟೆಗಾ ಪಾರ್ಕಿನಲ್ಲಿ ಪಿಚ್ ಇದೆ ಎಂದು ತೋರಿಸುವುದು ತಾತ್ಕಾಲಿಕ ಪರಿಹಾರ. ಶಾಶ್ವತ ಪರಿಹಾರಕ್ಕೆ ಅದೇ ಹುಡುಗರು ಮುಂದಿನ ಐದಾರು ಸಭೆಗೂ ಬರಬೇಕು. ಒಂದೇ ಸಲ ಐವತ್ತು ಜನ ಬಂದು ಹೋದರೆ ಅದು ಜಾತ್ರೆ. ಇಬ್ಬರು ಪ್ರತಿ ತಿಂಗಳೂ ಬಂದರೆ ಕೌನ್ಸಿಲೂ ಗಮನಿಸುತ್ತದೆ.

ತೊಂದರೆ: ‘ಪಾರ್ಕಿನ ಒಂದು ಮೂಲೆಯನ್ನು ಬೇರೆ ಕೆಲಸಕ್ಕೆ ಬಳಸೋಣ, ಒಂದಿಷ್ಟೇ’ ಎಂಬ ಪ್ರಸ್ತಾವ.
ಪರಿಹಾರ: ಇಲ್ಲಿ ಸಾಧನಕ್ಕೆ ಒಂದು ಗಟ್ಟಿ ಬೀಗವಿದೆ. ಪಾಲೊ ಆಲ್ಟೊದ ನಗರ ಸನ್ನದಿನ ಪ್ರಕಾರ ಪಾರ್ಕೆಂದು ಸಮರ್ಪಿಸಿದ ನೆಲವನ್ನು ಮಾರಲು ಅಥವಾ ಬೇರೆ ಕೆಲಸಕ್ಕೆ ತಿರುಗಿಸಲು ಊರಿನ ಮತದಾರರೇ ಒಪ್ಪಬೇಕು. ಕೌನ್ಸಿಲಿನಿಂದಲೂ ಆಗದು. 2011ರಲ್ಲಿ ಹಸಿಕಸ ಸಂಸ್ಕರಣೆಯ ಘಟಕ ಬರಬಹುದೆಂದು ಬಿಕ್ಸ್‌ಬೀ ಪಾರ್ಕಿನ 10 ಎಕರೆಯನ್ನು ಬಿಡಿಸಿಕೊಳ್ಳಲು ಮತಪೆಟ್ಟಿಗೆಗೇ ಹೋಗಬೇಕಾಯಿತು. ಪರಿಸರವಾದಿಗಳು ಎರಡೂ ಪಕ್ಷದಲ್ಲಿದ್ದರು. ಮತದಾರರು ಹೂಂ ಎಂದರು. ಪಾರ್ಕಿನ ನೆಲವನ್ನು ರಾತ್ರೋರಾತ್ರಿ ಸೈಟು ಮಾಡುವ ಕಲೆ ಬಲ್ಲವರು ಈ ಪರಿಚ್ಛೇದವನ್ನು ಎರಡು ಸಲ ಓದಿಕೊಳ್ಳುವುದು.

6. ದೊಡ್ಡ ರಿಪೇರಿ: ಫುಟ್‌ಹಿಲ್ಸ್ ಪ್ರಕರಣ

ಸಾಧನದ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂದು ತಿಳಿಯಲು ಈ ಒಂದು ಪ್ರಕರಣ ಸಾಕು.

ಊರಿನ ನೈಋತ್ಯಕ್ಕೆ, ಗುಡ್ಡದ ಮೇಲೆ, ಆಗ ಫುಟ್‌ಹಿಲ್ಸ್ ಪಾರ್ಕ್ ಎಂದು ಕರೆಯುತ್ತಿದ್ದ ಸುಮಾರು 1,400 ಎಕರೆಯ ಜಾಗವಿದೆ. ವೈದ್ಯ ರಸೆಲ್ ಲೀ ಅವರಿಂದ 1959ರಲ್ಲಿ ನಗರ ಕೊಂಡ ನೆಲ. ಕೊಳ್ಳುವಾಗ ಅಕ್ಕಪಕ್ಕದ ಊರುಗಳು ಪಾಲು ಹಾಕಲಿಲ್ಲ. ಅದರ ಸಿಟ್ಟೋ, ಜಾಗ ಕೆಡುತ್ತದೆಂಬ ಆತಂಕವೋ, 1969ರಿಂದ ಊರಿನ ನಿವಾಸಿಗಳಿಗೂ ಅವರ ಜೊತೆ ಬಂದ ಅತಿಥಿಗಳಿಗೂ ಮಾತ್ರ ಪ್ರವೇಶ ಎಂದಾಯಿತು. ಹೊರಗಿನವರು ಒಳಗೆ ಕಾಲಿಟ್ಟರೆ ಅದು ಶಿಕ್ಷಾರ್ಹ ಅಪರಾಧವಾಗಿತ್ತು. ಗೇಟಿನಲ್ಲಿ ರೇಂಜರ್ ವಿಳಾಸ ನೋಡಿ ಒಳಗೆ ಬಿಡುತ್ತಿದ್ದರು. ಹೆದ್ದಾರಿಯಾಚೆ ಈಸ್ಟ್ ಪಾಲೊ ಆಲ್ಟೊ ಎಂಬ ಬೇರೆಯೇ ಊರು, ಬಡವರೂ ಕಪ್ಪು ಜನರೂ ಲ್ಯಾಟಿನೊಗಳೂ ಹೆಚ್ಚಾಗಿರುವ ಊರು. ಹೆಸರಿನ ಮೂರರಲ್ಲಿ ಎರಡು ಪಾಲು ಒಂದೇ, ಆದರೂ ಅವರು ಹೊರಗಿನವರು.

2019ರ ಕೊನೆಗೆ ನಮ್ಮ ಸಾಧನ ಗುಂಯ್ ಎಂದಿತು. ಒಂದು ವರ್ಷದ ಮಟ್ಟಿಗೆ, ದಿನಕ್ಕೆ 50 ಪರವಾನಗಿಯಂತೆ, ಹೊರಗಿನವರನ್ನೂ ಬಿಟ್ಟು ನೋಡೋಣ ಎಂದು ಆಯೋಗ ಶಿಫಾರಸು ಮಾಡಿತು. 1,400 ಎಕರೆಗೆ 50 ಪರವಾನಗಿ! ಇಷ್ಟು ಹಗುರ ಸಲಹೆಯನ್ನು ಎತ್ತಲು ಕೌನ್ಸಿಲಿಗೆ 2020ರ ಆಗಸ್ಟ್ ಬೇಕಾಯಿತು. ಆಗಲೂ ಷರತ್ತುಗಳ ಮೇಲೆ. ಸೆಪ್ಟೆಂಬರಿನಲ್ಲಿ ನಾಗರಿಕ ಹಕ್ಕುಗಳ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ನವೆಂಬರಿನಲ್ಲಿ ರಾಜಿಯಾಯಿತು. ಡಿಸೆಂಬರ್ 17ರಂದು ಗೇಟು ಎಲ್ಲರಿಗೂ ತೆರೆಯಿತು.

ಅರ್ಧ ಶತಮಾನದ ಬಾಗಿಲನ್ನು ಮೂರು ತಿಂಗಳಲ್ಲಿ ತೆಗೆಸಿದ್ದು ದಾವೆ, ಸಲಹೆಯಲ್ಲ. ಇದನ್ನು ಮುಚ್ಚಿಡುವ ಕೈಪಿಡಿ ಸುಳ್ಳು ಕೈಪಿಡಿ. ಹಕ್ಕಿನ ಪ್ರಶ್ನೆಯನ್ನು ‘ದಿನಕ್ಕೆ ಎಷ್ಟು’ ಎಂಬ ಲೆಕ್ಕಕ್ಕೆ ಇಳಿಸಿಕೊಳ್ಳುವುದು ಸಲಹಾ ಆಯೋಗಗಳ ಹಳೆಯ ಚಾಳಿ. ಎಲ್ಲರಿಗೂ ಒಪ್ಪಿಗೆಯಾಗುವಂತೆ ಹೇಳಹೊರಟು ಯಾರಿಗೂ ಸಾಲದಷ್ಟು ಹೇಳುತ್ತವೆ. ನೀವು ಸೋಲುವುದೇ ಆದರೆ ಸರಿಯಾದ ಸಲಹೆ ಕೊಟ್ಟು ಸೋಲಿ. ಕಡೇಪಕ್ಷ ನಡಾವಳಿಯಲ್ಲಿ ಅದು ಇರುತ್ತದೆ.

ಗೇಟು ತೆರೆದ ಮೇಲಿನ ಕಥೆಯನ್ನೂ ಕೇಳಿ. ಜನ ಹಿಂಡು ಹಿಂಡಾಗಿ ಬಂದರು. ಒಂದೇ ಹೊತ್ತಿಗೆ ಎಷ್ಟು ಮಂದಿ, ವಾಹನಕ್ಕೆ ಶುಲ್ಕ ಎಷ್ಟು, ಸೈಕಲ್ ಬಿಡಬೇಕೇ, ಯಾವ ದಾರಿ ಸವೆಯುತ್ತಿದೆ? ನ್ಯಾಯಾಲಯ ಇದಕ್ಕೆಲ್ಲ ಉತ್ತರ ಕೊಡುವುದಿಲ್ಲ. ಪ್ರಶ್ನೆಗಳು ಮರಳಿ ಅದೇ ಏಳು ಕುರ್ಚಿಗಳ ಮುಂದೆ ಬಂದು ನಿಂತವು. ಬಾಗಿಲು ತೆಗೆಸುವುದಕ್ಕೆ ಒಂದು ಹೋರಾಟ ಸಾಕು. ತೆರೆದ ಜಾಗವನ್ನು ಎಲ್ಲರಿಗೂ ಉಳಿಯುವಂತೆ ನೋಡಿಕೊಳ್ಳಲು ತಿಂಗಳು ತಿಂಗಳೂ ಕೂತು, ಕಡತ ಓದಿ, ಬೈಸಿಕೊಳ್ಳುವವರು ಬೇಕು.

7. ನಿರ್ವಹಣೆ ಮತ್ತು ವಾರಂಟಿ

ಕೊಟ್ಟ ಸಲಹೆಯನ್ನು ಕೌನ್ಸಿಲ್ ಒಪ್ಪುತ್ತದೆ ಎಂಬ ವಾರಂಟಿ ಇಲ್ಲ. ಒಪ್ಪಿದರೆ ಶ್ರೇಯಸ್ಸು ಕೌನ್ಸಿಲಿನದು, ಕೆಟ್ಟರೆ ‘ಆಯೋಗ ಹೇಳಿತ್ತಲ್ಲ’ ಎಂಬ ಮಾತು ನಿಮ್ಮದು. ಪಾರ್ಕಿನಲ್ಲಿ ನಡೆಯುವಾಗ ಅಪರಿಚಿತರು ನಿಲ್ಲಿಸಿ ದೂರು ಹೇಳಿದರೆ ಕೇಳಿಸಿಕೊಳ್ಳಿ. ಭರವಸೆ ಕೊಡಬೇಡಿ, ಏಕೆಂದರೆ ಅದು ನಿಮ್ಮ ಬಳಿ ದಾಸ್ತಾನಿಲ್ಲ.

ವರ್ಷಕ್ಕೊಮ್ಮೆಯಾದರೂ ಊರಿನ ಎಲ್ಲ ಪಾರ್ಕುಗಳನ್ನೂ ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ಕಡತದಲ್ಲಿ ‘ಉತ್ತಮ ಸ್ಥಿತಿ’ ಎಂದಿರುವ ಬೆಂಚಿನ ಮೇಲೆ ಕೂತು ಪರೀಕ್ಷಿಸಿ.

ಇನ್ನು ಈ ಕೈಪಿಡಿಯನ್ನು ಕುತೂಹಲಕ್ಕೆ ಓದಿದ, ಸದಸ್ಯರಲ್ಲದ ಓದುಗರಿಗೆ ಒಂದು ಮಾತು. ಸನಿವೇಲ್, ಕುಪರ್ಟಿನೊ, ಫ್ರೀಮಾಂಟ್, ಎಲ್ಲೆಲ್ಲಿ ನಮ್ಮವರು ಮನೆ ಮಾಡಿಕೊಂಡಿದ್ದಾರೋ ಅಲ್ಲೆಲ್ಲ ಇಂಥದೊಂದು ಆಯೋಗವಿದೆ. ರಾಜ್ಯೋತ್ಸವದ ಪಿಕ್ನಿಕ್ಕಿಗೆ ಮರದ ನೆರಳಿನ ಮೇಜು ಬೇಕು, ಮಕ್ಕಳಿಗೆ ಪಿಚ್ ಬೇಕು, ಊರಿಂದ ಬಂದ ಅಪ್ಪ ಅಮ್ಮನಿಗೆ ಸಂಜೆ ಕೂರಲು ಬೆಂಚು ಬೇಕು ಎನ್ನುವ ನಾವು, ಸಭೆಯ ದಿನ ಮಾತ್ರ ಮನೆಯಲ್ಲಿರುತ್ತೇವೆ. ಇನ್ನೂ ಪೌರತ್ವ ಬಂದಿಲ್ಲ ಎಂಬ ನೆಪ ಇಲ್ಲಿ ನಡೆಯದು: ಮತ ಹಾಕಲು ಅದು ಬೇಕು, ಸಭೆಯಲ್ಲಿ ಮೂರು ನಿಮಿಷ ಮಾತಾಡಲು ಬೇಡ. ನಿಮ್ಮೂರಿನ ಮುಂದಿನ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಹಚ್ಚಿರುತ್ತಾರೆ. ಓದಿಕೊಂಡು ಹೋಗಿ, ಹೆಸರು ಬರೆಸಿ, ಮಾತಾಡಿ ಬನ್ನಿ.